ನಮ್ಮನೆಯಿಂದ ಒಬ್ಬರು

ಪಾದ್ರಿಗಳು ಓದಿದ್ದರಲ್ಲಿ ಮಿಕ್ಕಿದ್ದೆಲ್ಲ ಆಶೀರ್ವಾದಪ್ಪನಿಗೆ ಸರಿಯಾಗಿಯೇ ಕಂಡಿತ್ತು. ಆ ಒಂದು ವಾಕ್ಯ ಮಾತ್ರ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಮಾಂಸದ ಎಳೆಯಂತೆ, ನಾಲಿಗೆ ಎಷ್ಟು ಸಲ ಹೋಗಿ ತಡವಿದರೂ ಅಲ್ಲೇ ಇತ್ತು. ನಾಳೆ ಭಾನುವಾರ. ಹೋದ ತಿಂಗಳು ತೀರಿಕೊಂಡ ಅವನ ಹೆಂಡತಿ ರಾಹೇಲಮ್ಮನ ಸ್ಮರಣೆಗೆಂದು ಲೂಥರನ್ ಸಭೆಯ ಆರಾಧನೆಯಲ್ಲಿ ಅವಳ ಬಾಳಿನ ವೃತ್ತಾಂತ ಓದುವುದಿತ್ತು. ಪಾದ್ರಿ ಜ್ಞಾನಮಣಿಯವರು ಅದನ್ನು ಬರೆದು ತಂದು, ಬೆಳಿಗ್ಗೆ ಇದೇ ಜಗಲಿಯ ಮೇಲೆ ಕೂತು, ಗಂಟಲು ಸರಿಮಾಡಿಕೊಂಡು, ಎದುರಿಗೆ ಇಡೀ ಸಭೆಯೇ ಕೂತಿದೆಯೇನೋ ಎಂಬಂತೆ ಓದಿ ತೋರಿಸಿ ಹೋಗಿದ್ದರು. ಬೇತಮಂಗಲದ ಕಡೆಯ ಹಳ್ಳಿಯಲ್ಲಿ ಹುಟ್ಟಿದ್ದು, ತಂದೆಯ ಜೊತೆಗೆ ದೀಕ್ಷಾಸ್ನಾನ ಪಡೆದು ಅಕ್ಕಯ್ಯಮ್ಮ ಎಂಬ ಹೆಸರು ಬಿಟ್ಟು ರಾಹೇಲಳಾದದ್ದು, ಮಕ್ಕಳನ್ನು ಹೆತ್ತದ್ದು, ಕೆಲವರನ್ನು ಮಣ್ಣುಮಾಡಿದ್ದು, ಮೊಮ್ಮಕ್ಕಳಿಗೆ ಕೀರ್ತನೆ ಕಲಿಸಿದ್ದು, ಆರಾಧನೆಗೆ ಒಂದು ದಿನವೂ ತಪ್ಪದೆ ಬಂದದ್ದು. ಎಲ್ಲ ಸರಿ. ಆಮೇಲೆ ಪಾದ್ರಿಗಳು ದನಿ ಇಳಿಸಿ, ಊಟದ ಕೊನೆಗೆ ಸಿಹಿ ಬಡಿಸುವವರ ಮುಖ ಮಾಡಿಕೊಂಡು ಓದಿದ್ದು ಇದು: ‘ಗಣಿಯಲ್ಲಿ ಭೂಮಿ ನಡುಗಿದಾಗಲೆಲ್ಲ ಈ ಪತಿಭಕ್ತೆಯು ಕೈಯಲ್ಲಿದ್ದ ಕೆಲಸವನ್ನು ಬಿಟ್ಟು, ತನ್ನ ಗಂಡನ ಪ್ರಾಣಕ್ಕಾಗಿ ದೇವರನ್ನು ಬೇಡುತ್ತಾ ಶಾಫ್ಟಿನ ಬಾಗಿಲಿಗೆ ಓಡುತ್ತಿದ್ದಳು.’ ಓದಿ, ಕನ್ನಡಕದ ಮೇಲಿನಿಂದ ನೋಡಿ, “ಹೇಗಿದೆ ಹಿರಿಯರೇ?” ಎಂದರು. ಆಶೀರ್ವಾದಪ್ಪ ಸಭೆಯ ಹಿರಿಯ. “ಚೆನ್ನಾಗೈತೆ ಅಯ್ಯನೋರೇ” ಎಂದ. ಬೇರೆ ಏನು ಹೇಳಬೇಕಾಗಿತ್ತು?

ಪಾದ್ರಿಗಳದ್ದು ತಪ್ಪಲ್ಲ. ಅವರು ಮದರಾಸಿನ ಕಡೆಯಿಂದ ಮೊನ್ನೆ ಮೊನ್ನೆ ಬಂದವರು. ಚಿನ್ನದ ಗಣಿಯಲ್ಲಿ ಕೆಲಸ ಅಂದರೆ ಭೂಮಿಯೊಳಗೆ ಇಳಿಯುವುದು ಎಂದುಕೊಂಡಿದ್ದರು. ಆದರೆ ಸಭೆಗೆ ಗೊತ್ತಿತ್ತು. ಆಶೀರ್ವಾದಪ್ಪ ತನ್ನ ಸರ್ವೀಸನ್ನು ಹೆಚ್ಚುಕಡಿಮೆ ಪೂರ್ತಿ ಕಳೆದದ್ದು ನೆಲದ ಮೇಲೆ, ಆಳಕ್ಕಿಳಿಯುವ ಶಾಫ್ಟಿನ ಬಾವಿಯ ಪಕ್ಕದ ಟೈಮ್ ಆಫೀಸಿನಲ್ಲಿ, ಕಿಟಕಿಯ ಹಿಂದೆ, ಫ್ಯಾನಿಲ್ಲದಿದ್ದರೂ ನೆರಳಿದ್ದ ಜಾಗದಲ್ಲಿ, ಇಳಿಯುವವರಿಗೆ ನಂಬರಿನ ಹಿತ್ತಾಳೆ ಬಿಲ್ಲೆ ಕೊಟ್ಟು ಹತ್ತುವವರಿಂದ ಇಸಿದುಕೊಂಡು ಮೊಳೆಗೆ ನೇತುಹಾಕುವ ಕೆಲಸದಲ್ಲಿ ಎಂಬುದು ಗಂಡಸರ ಕಡೆಯ ಎಲ್ಲ ಬೆಂಚುಗಳಿಗೂ ಗೊತ್ತಿತ್ತು. ನಾಳೆ ಆ ವಾಕ್ಯ ಬಂದಾಗ ಯಾರೂ ಗಟ್ಟಿಯಾಗಿ ನಗುವುದಿಲ್ಲ, ಲೂಥರನ್ನರು ಮರ್ಯಾದಸ್ಥರು. ಒಬ್ಬರು ಕೆಮ್ಮುತ್ತಾರೆ. ಇನ್ನೊಬ್ಬರು ಕೀರ್ತನೆಯ ಪುಸ್ತಕ ಬೀಳಿಸಿ ಎತ್ತಿಕೊಳ್ಳಲು ಬಗ್ಗುತ್ತಾರೆ, ಬಗ್ಗಿದವರು ಬೇಗ ಏಳುವುದಿಲ್ಲ. ಅವನು ಮುಂದಿನ ಬೆಂಚಿನಲ್ಲಿ ಕೂತು ಬೆನ್ನಿನಿಂದ ಅದನ್ನೆಲ್ಲ ಕೇಳಿಸಿಕೊಳ್ಳಬೇಕು. ಹೆಂಡತಿ ಸತ್ತ ದುಃಖದಲ್ಲಿರುವವನಿಗೆ ಇಂಥ ಯೋಚನೆ ಬರಬಾರದು ಎಂದುಕೊಂಡ. ಆದರೆ ದುಃಖ ಬೆಳಗಿನಿಂದ ಎಲ್ಲಿಗೋ ಹೋಗಿ ಕೂತಿತ್ತು, ಮಾನದ ಚಿಂತೆ ಮಾತ್ರ ಎದುರಿಗೇ ಇತ್ತು.

ಹಾಗಂತ ವಾಕ್ಯ ತೆಗೆಸಿಹಾಕುವುದೂ ಸುಲಭವಿರಲಿಲ್ಲ. ತೆಗೆಯಿರಿ ಅಂದರೆ ಯಾಕೆ ಅನ್ನುತ್ತಾರೆ. ನಾನು ಮೇಲಿದ್ದೆ ಅನ್ನಬೇಕು. ಹಾಗಾದರೆ ಆಕೆ ಯಾರಿಗಾಗಿ ಓಡುತ್ತಿದ್ದರು ಅನ್ನುತ್ತಾರೆ. ಅದೇ, ಅದೇ ಅವನಿಗೆ ಗೊತ್ತಿರಲಿಲ್ಲ. ಓಡುತ್ತಿದ್ದದ್ದಂತೂ ನಿಜ. ಕೆಳಗೆ ಎಲ್ಲೋ ಬಂಡೆ ಸಿಡಿದು ಮೇಲಿನ ನೆಲ ಅದುರಿದರೆ, ಅಟ್ಟದ ಪಾತ್ರೆ ನೆಲಕ್ಕೆ ಬಿದ್ದು ಗಿರಗಿರನೆ ತಿರುಗಿ ನಿಲ್ಲುವುದರೊಳಗೆ ಗಣಿಯವರ ಸಾಲುಮನೆಗಳ ಲೈನಿನ ಹೆಂಗಸರೆಲ್ಲ ಎದೆ ಬಡಿದುಕೊಳ್ಳುತ್ತ ಬೀದಿಗೆ ಬಿದ್ದಿರುತ್ತಿದ್ದರು, ಅವರ ನಡುವೆ ಇವಳೂ. ಒಲೆಯ ಮೇಲಿನ ಸಾರು ಹಾಗೇ. ಹಿಟ್ಟಿನ ಕೈ ಹಾಗೇ. ಅವನು ಕಿಟಕಿಯಿಂದ ನೋಡುತ್ತಿದ್ದ; ಗೇಟಿನ ಹತ್ತಿರ ಹೆಂಗಸರ ಗುಂಪು, ಅದರಲ್ಲಿ ಅವಳ ಕಂದು ಸೀರೆ. ಮಾತು ಕೇಳಿಸುವಷ್ಟು ಹತ್ತಿರವಲ್ಲ. ಆಳುಗಳನ್ನು ಹೊತ್ತ ಕೊನೆಯ ಕೇಜು ಮೇಲೆ ಬರುವ ತನಕ ಅವಳು ಅಲ್ಲಾಡುತ್ತಿರಲಿಲ್ಲ. ಅವನು ಮನೆಗೆ ಬಂದರೆ ಒಲೆ ತಣ್ಣಗೆ. “ಊಟಕ್ಕೆ ಗತಿ ಇಲ್ಲ, ಊರ ಉಸಾಬರಿ” ಎಂದು ಬೈಯುತ್ತಿದ್ದ. ಅವಳು “ಆಯ್ತು, ಈಗ ಆಗೋಯ್ತದೆ” ಎಂದು ಊದುಗೊಳವೆ ಹುಡುಕುತ್ತಿದ್ದಳು. ಜೊತೆಯ ಗುಮಾಸ್ತ ಒಮ್ಮೆ, “ಏನ್ರೀ, ನಿಮ್ಮನೆಯೋರು ದಿನಾ ನಿಮ್ಮ ಪ್ರಾಣ ಕೇಳ್ಕೊಂಡು ಓಗೋಕೆ ಬತ್ತಾರೆ, ನಿಮಗೆ ಕುರ್ಚಿ ಮೇಲಿಂದ ಬೀಳೋ ಕಂಟಕ ಇರ್ಬೇಕು” ಎಂದಿದ್ದ. ಆವತ್ತು ಅವನು ಮನೆಯಲ್ಲಿ ಸಾರಿಗೆ ಉಪ್ಪಿಲ್ಲವೆಂದು ತಟ್ಟೆ ನೂಕಿದ. ಉಪ್ಪು ಇತ್ತು.

ಕೇಳಬಹುದಾಗಿತ್ತು. ಎಲ್ಲದಕ್ಕೂ ಅವಳಿಂದ ಅರ್ಥ ಕೇಳಿದವನು ಅವನು. ಸಂಜೆಯ ಪ್ರಾರ್ಥನೆಗೆ ಮನೆಮಂದಿಯನ್ನೆಲ್ಲ ಕೂರಿಸಿ, ಒಂದೊಂದು ಆಜ್ಞೆ ಹೇಳಿಸಿ, ಅದರ ಅರ್ಥ ಒಪ್ಪಿಸೆಂದು ಕೇಳುವುದು ಜರ್ಮನಿಯ ದೊರೆಪಾದ್ರಿಗಳು ಕಲಿಸಿಹೋದ ಪದ್ಧತಿ. ಮೊದಲ ಮಹಾಯುದ್ಧದಲ್ಲಿ ಸರ್ಕಾರ ಅವರನ್ನು ಸಾಗಹಾಕಿದ ಮೇಲೂ ಆಶೀರ್ವಾದಪ್ಪ ಅದನ್ನು ಬಿಟ್ಟಿರಲಿಲ್ಲ. ಮಕ್ಕಳು ಪಾಠದಂತೆ ಒಪ್ಪಿಸುತ್ತಿದ್ದರು. ಓದು ಬಾರದ ಅವಳು ಮಾತ್ರ ಎಂಟನೆಯ ಆಜ್ಞೆಗೆ ಬಂದು ಎಡವುತ್ತಿದ್ದಳು. ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬಾರದು, ಅರ್ಥ ಹೇಳು. ಅವಳು ಸೆರಗಿನ ತುದಿ ಸುತ್ತುತ್ತ, “ಕಂಡದ್ದನ್ನೆಲ್ಲ ಆಡಬಾರದು ಅಂತ” ಎನ್ನುತ್ತಿದ್ದಳು. “ಅದಲ್ಲ. ಪುಸ್ತಕದಲ್ಲಿ ಅಂಗಿಲ್ಲ. ಇನ್ನೊಂದ್ಸಲ ಒಪ್ಪಿಸು.” ಮಕ್ಕಳು ಕಿಸಕ್ಕೆನ್ನುತ್ತಿದ್ದವು. ಅವಳೂ ನಕ್ಕು, ಅವನು ಹೇಳಿಕೊಟ್ಟದ್ದನ್ನು ಹೇಳಿ, ಮತ್ತೆ ಮಾರನೆಯ ವಾರ ಅದನ್ನೇ ಹೇಳುತ್ತಿದ್ದಳು. ಹೀಗೆ ಪರಲೋಕದ ಸಂಗತಿಗಳನ್ನೆಲ್ಲ ವಿಚಾರಿಸಿಕೊಂಡವನಿಗೆ, ನೆಲ ಅದುರಿದಾಗ ಯಾಕೆ ಓಡುತ್ತೀಯೆ ಎಂದು ಕೇಳುವ ಧೈರ್ಯ ಬರಲಿಲ್ಲ. ಕೇಳಿದರೆ ಕೋದಂಡಪ್ಪನ ಹೆಸರು ಬಂದೀತೆಂಬ ಭಯ.

ಕೋದಂಡಪ್ಪ ಅವಳ ಸೋದರತ್ತೆಯ ಮಗ. ಆ ಸೀಮೆಯಲ್ಲಿ ಹುಡುಗಿಯ ಮೇಲೆ ಮೊದಲ ಹಕ್ಕು ಅತ್ತೆಮಗನದು, ತೊಟ್ಟಿಲಲ್ಲೇ ಮಾತಾಗಿರುತ್ತದೆ. ಅವಳ ತಂದೆ ಕಿರಿಸ್ತಾನನಾದಾಗ ದೊರೆಪಾದ್ರಿಗಳು ಹುಡುಗಿಯನ್ನು ಸಭೆಯೊಳಗೇ ಕೊಡಬೇಕೆಂದರು. ಸಭೆಯೊಳಗೆ ಸಿಕ್ಕಿದ ಗಂಡು ನಾಲ್ಕಕ್ಷರ ಕಲಿತಿದ್ದ ಆಶೀರ್ವಾದಪ್ಪ. ಕೋದಂಡಪ್ಪ ಮದುವೆಗೆ ಬಂದು, ಉಂಡು, “ಚೆನ್ನಾಗಿ ನೋಡ್ಕೊಳಪ್ಪ” ಎಂದು ಇವನ ಬೆನ್ನಿನ ಮೇಲೆ ಕೈಯಿಟ್ಟು ಹೋಗಿದ್ದ. ಆ ಕೈ ದೊಡ್ಡದಾಗಿತ್ತು. ಗಣಿಯ ಆಳದಲ್ಲಿ ಬಂಡೆಗೆ ತೂತು ಕೊರೆಯುವ ಕೈ. ಅದರ ಭಾರ ಈಗಲೂ ಬೆನ್ನಿನ ಮೇಲಿದೆ ಎಂದು ಅವನಿಗೆ ಒಮ್ಮೊಮ್ಮೆ ಅನ್ನಿಸುತ್ತದೆ. ಆಮೇಲೆ ಕೋದಂಡಪ್ಪ ಎದೆಯಲ್ಲಿ ಕಲ್ಲಿನ ಧೂಳು ತುಂಬಿಕೊಂಡು, ಕೆಮ್ಮಿ ಕೆಮ್ಮಿ, ಊರಿಗೆ ಹೋಗಿ ಸತ್ತ. ಇನ್ನು ಓಡುವುದಿಲ್ಲ ಎಂದು ಆಶೀರ್ವಾದಪ್ಪ ಒಳಗೊಳಗೇ ಕಾದಿದ್ದ. ಮುಂದಿನ ಸಲ ನೆಲ ಅದುರಿದಾಗಲೂ ಕಿಟಕಿಯಾಚೆ ಕಂದು ಸೀರೆ ಕಂಡಿತು. ಸತ್ತವನಿಗಾಗಿಯೂ ಓಡುತ್ತಾಳಲ್ಲ ಎಂದು ಅವನು ಹಲ್ಲು ಕಚ್ಚಿದ್ದ. ಹೊಟ್ಟೆಕಿಚ್ಚಿಗೆ ಲೆಕ್ಕಾಚಾರ ಎಲ್ಲಿಯದು.

ಕೋದಂಡಪ್ಪನಿಂದಾಗಿಯೇ ಅವನು ಕೆಸರು ಬಳಿದುಕೊಂಡದ್ದು. ಅದು ಯಾರಿಗೂ ಗೊತ್ತಿಲ್ಲದ ಸಂಗತಿ. ಮದುವೆಯ ಹೊಸದರಲ್ಲಿ ಅವನೂ ಇಳಿಯುತ್ತಿದ್ದ. ಕೇಜಿನಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ನಿಂತಾಗ, ಕಾಲ ಕೆಳಗಿನ ಹಲಗೆ ಸರಕ್ಕನೆ ಜಾರಿ, ಒಂದು ದಿನ ಪಂಚೆ ಒದ್ದೆಯಾಯಿತು. ಕತ್ತಲಲ್ಲಿ ಯಾರೂ ನೋಡಲಿಲ್ಲ, ವಾಸನೆ ಬಂದಿರಬೇಕು, ಯಾರೋ ಮೂಗಿನಲ್ಲಿ ನಕ್ಕರು. ಅವನು ದೊರೆಪಾದ್ರಿಗಳ ಕಾಲು ಹಿಡಿದು ಅತ್ತ. ಅವರು ಯಾರಿಗೋ ಹೇಳಿ, ಓದುಬರಹ ಬಲ್ಲವನೆಂದು ಟೈಮ್ ಆಫೀಸಿಗೆ ಹಾಕಿಸಿದರು. ಇದನ್ನು ಹೆಂಡತಿಗೆ ಹೇಗೆ ಹೇಳುವುದು? ಅವಳ ಅತ್ತೆಮಗ ದಿನವೂ ಪಾತಾಳಕ್ಕಿಳಿದು ಬರುತ್ತಾನೆ, ಗಂಡ ಹೆದರಿ ಮೇಲೆ ಕೂತ ಅನ್ನುವುದೇ? ಹಾಗಾಗಿ ಸಂಜೆ ಮನೆಗೆ ಹೊರಡುವ ಮೊದಲು, ಗಣಿಯಿಂದ ಪಂಪು ಎತ್ತಿದ ನೀರು ಹರಿಯುವ ಮೋರಿಯ ಹತ್ತಿರ ಹೋಗಿ, ಮೊಣಕಾಲಿಗೆ ಸ್ವಲ್ಪ, ತೋಳಿಗೆ ಸ್ವಲ್ಪ ಕೆಸರು ಹಚ್ಚಿಕೊಳ್ಳುತ್ತಿದ್ದ. ಬೆನ್ನಿಗೆ ಹಚ್ಚಿಕೊಳ್ಳುವುದು ಕಷ್ಟ. ಕೆಸರು ಮೆತ್ತಿದ ಗೋಡೆಗೆ ಒರಗಬೇಕಾಗಿತ್ತು. ಅವಳು ಬಿಸಿನೀರು ಕೊಟ್ಟು, ಬಟ್ಟೆಯನ್ನು ಚೌಳುಮಣ್ಣು ಹಾಕಿ ಉಜ್ಜಿ ಉಜ್ಜಿ ಒಗೆದು ಹರವುತ್ತಿದ್ದಳು. ಬಹಳ ಕಾಲವಾದ ಮೇಲೆ ಒಂದು ದಿನ, ಗಣಿಯ ದೊರೆ ನನ್ನ ಓದು ಮೆಚ್ಚಿ ಮೇಲಕ್ಕೆ ಹಾಕಿದರು ಎಂದು ಹೇಳಿದ. ಅವಳು ಪಾಯಸ ಮಾಡಿದಳು. ಅವನು ಎದ್ದುನಿಂತು ಉದ್ದವಾಗಿ ಸ್ತೋತ್ರ ಸಲ್ಲಿಸಿದ. ದೇವರಿಗೆ ಎಲ್ಲ ಗೊತ್ತಿತ್ತು, ಆದರೆ ದೇವರು ಪಾಯಸ ಬಡಿಸುವಾಗ ಮುಖ ನೋಡುವುದಿಲ್ಲ.

ಹೊತ್ತು ಏರಿದಂತೆ ಅವನಿಗೆ ಕೂರಲಾಗಲಿಲ್ಲ. ಕೋಟು ಹಾಕಿಕೊಂಡು, ಕೊಡೆ ಹಿಡಿದು, ಆ ವಾಕ್ಯ ತೆಗೆಸಿಯೇ ಬರುವುದೆಂದು ಪಾದ್ರಿಗಳ ಮನೆಗೆ ಹೊರಟ. ಲೈನಿನ ಕೊನೆಯ ಮನೆಯ ಹೊಸ್ತಿಲ ಮೇಲೆ ಅಮ್ಮಾಜಮ್ಮ ಕೂತು ಎಲೆಯಡಿಕೆ ಕುಟ್ಟುತ್ತಿದ್ದಳು. ಗಂಡನನ್ನೂ ಆಮೇಲೆ ಮಗನನ್ನೂ ಆಳಕ್ಕೆ ಕಳಿಸಿ ಕಾದವಳು. ಗ್ರಾಮದೇವತೆ ಮುತ್ಯಾಲಮ್ಮನಿಗೆ ನಡೆದುಕೊಳ್ಳುವವಳಾದರೂ ರಾಹೇಲಮ್ಮನ ಜೀವದ ಗೆಳತಿ. ಹಲ್ಲು ಹೋಗಿ ಬಹಳ ದಿನವಾಗಿತ್ತು, ನಾಲಿಗೆ ಹೋಗಿರಲಿಲ್ಲ.

“ಏನಣ್ಣ, ಕೊಡೆ ಇಡ್ಕೊಂಡು ಎಲ್ಲಿಗೆ ಒಂಟಿದ್ದೀಯ? ಒಂದು ತುಂಡು ಮೋಡ ಇಲ್ಲ.”

“ಪಾದ್ರಿಗಳತ್ರ ಸ್ವಲ್ಪ ಕೆಲ್ಸ ಐತೆ.” ಮುಂದೆ ಹೋಗಬೇಕಾಗಿದ್ದ ಕಾಲು ಅಲ್ಲೇ ನಿಂತಿತು. “ಅಮ್ಮಾಜಮ್ಮ, ಒಂದು ಮಾತು ಕೇಳ್ತೀನಿ. ನೆಲ ಅದುರಿದಾಗೆಲ್ಲ ನಮ್ಮವಳು ಶಾಫ್ಟ್ ತಾವ ಬತ್ತಿದ್ಳಲ್ಲ. ಯಾರಿಗೋಸ್ಕರ?”

ಅಮ್ಮಾಜಮ್ಮ ಕುಟ್ಟುವುದನ್ನು ನಿಲ್ಲಿಸಿದಳು. “ಅವಳು ಕಣ್ಮುಚ್ಚಿದ್ಮೇಲೆ ಕೇಳ್ತಿದ್ದೀಯ?”

“ಕೋದಂಡಪ್ಪನಿಗೋಸ್ಕರಾನಾ?” ಎಂದುಬಿಟ್ಟ. ಅಂದ ಮೇಲೆ ಅವನ ಕಿವಿ ಬಿಸಿಯಾಯಿತು.

ಅವಳು ಕೆಮ್ಮು ಬರುವ ತನಕ ನಕ್ಕಳು. “ಅವನಿಗೆ ಎಂಡ್ತಿ ಇರಲಿಲ್ವೇನಣ್ಣ? ಆದಿಲಕ್ಷ್ಮಮ್ಮ ಎಲ್ಲರಿಗಿಂತ ಮುಂದೆ ಓಡೋಳು. ಎಂಡ್ತಿ ಇರೋ ಗಂಡಸಿನ ಎಸರು ಇವಳು ಯಾಕೆ ಅಂದಾಳು?”

“ಎಸರು ಅನ್ನೋದು ಅಂದ್ರೆ?”

“ಗೇಟ್ನಾಗೆ ಅನ್ಬೇಕಲ್ಲ. ಕಾವಲಿನೋನು ಸುಮ್ಕೆ ಬಿಡ್ತಾನಾ? ‘ಯಾರ ಕಡೆ?’ ಅಂತಾನೆ. ಕೆಳಗಿರೋ ನಿನ್ ಮನುಷ್ಯನ ಎಸರು ಅಂದ್ರೆ ಒಳಕ್ಕೆ, ಇಲ್ದಿದ್ರೆ ಬೀದಿಗೆ. ಅಷ್ಟು ವರ್ಷ ಕಿಟಕೀಲಿ ಕೂತಿದ್ದೆ, ಇದು ಗೊತ್ತಿಲ್ವಾ?” ಅಮ್ಮಾಜಮ್ಮ ಕುಟ್ಟಿದ್ದನ್ನು ಬಾಯಿಗೆ ಹಾಕಿಕೊಂಡಳು. “ಮೊದಲ್ನೇ ಸಲ ನಿನ್ನೆಸರೇ ಅಂದ್ಳು. ನಿಮ್ಮ ಎರಡನೇ ಕೂಸು ಇನ್ನೂ ಮೊಲೆ ಕುಡೀತಿತ್ತು, ಸೊಂಟದ ಮ್ಯಾಲೆ ಇಟ್ಕೊಂಡೇ ಓಡ್ಬಂದಿದ್ಳು. ಕಾವಲಿನೋನು ನಕ್ಬುಟ್ಟ. ‘ನಿನ್ ಗಂಡ ಕೆಳಗೆ ಎಲ್ಲವ್ನಮ್ಮ, ಅಗೋ ನೋಡು’ ಅಂತ ಕಿಟಕಿ ತೋರಿಸ್ದ. ನೀನು ತಲೆ ಬಗ್ಗಿಸ್ಕೊಂಡು ವೀಳ್ಯದೆಲೆಗೆ ಸುಣ್ಣ ಅಚ್ತಾ ಕೂತಿದ್ದೆ.”

ಎರಡನೆಯ ಕೂಸು ಮೊಲೆ ಕುಡಿಯುತ್ತಿತ್ತು. ಪಾಯಸದ ದಿನ ಅದು ನಡೆದುಕೊಂಡು ಬಂದು ಅವನ ಬಟ್ಟಲಿಗೆ ಕೈ ಹಾಕಿತ್ತು. ಅದು ಅವನಿಗೆ ಚೆನ್ನಾಗಿ ನೆನಪಿದೆ, ಗದರಿದ್ದ. ಹಾಗಾದರೆ ಆ ನಡುವಿನ ದಿನಗಳಲ್ಲೆಲ್ಲ ಅವನು ಮೋರಿಯ ಗೋಡೆಗೆ ಒರಗಿ ಬಂದ ಕೆಸರನ್ನು ಅವಳು ಗೊತ್ತಿದ್ದೂ ಒಗೆದಿದ್ದಳು. ಬಿಸಿನೀರು ಕೊಟ್ಟಿದ್ದಳು. ಬೆನ್ನು ಉಜ್ಜಿದ್ದಳು. ಒಂದು ಸಲ, “ಇವತ್ತು ಜಾಸ್ತಿ ಕಷ್ಟ ಆಯ್ತೇನೋ, ಬೆನ್ನೆಲ್ಲ ಕೆಸರು” ಎಂದೂ ಅಂದಿದ್ದಳು. ಆಗ ಅವಳು ಬೆನ್ನ ಹಿಂದೆ ಯಾವ ಮುಖದಲ್ಲಿ ನಿಂತಿದ್ದಳೋ. ಅವನಿಗೆ ಮೊದಲು ಬಂದದ್ದು ಸಿಟ್ಟು. ಗೊತ್ತಿದ್ದೂ ಸುಮ್ಮನಿದ್ದಳಲ್ಲ, ಎಷ್ಟು ಗಟ್ಟಿ ಹೆಂಗಸು. ಅವಳು ಬದುಕಿದ್ದಿದ್ದರೆ ಈಗಲೇ ಹೋಗಿ ಬೈಯಬಹುದಾಗಿತ್ತು.

“ಏನಂದ್ಳು ಆಗ?” ಎಂದ.

“ಮೊದ್ಲು ಸೆರಗು ಬಾಯಿಗೆ ಇಟ್ಕೊಂಡ್ಳು. ಅಳ್ತಾವ್ಳೆ ಅಂದ್ಕೊಂಡೆ. ನಗ್ತಿದ್ಳು ಕಣಣ್ಣ. ನಕ್ಕು ನಕ್ಕು ಆಮೇಲೆ ಅತ್ಳು. ‘ಮೇಲವ್ರೆ ಕಣೆ, ಮೇಲವ್ರೆ, ದೇವರು ದೊಡ್ಡೋನು’ ಅಂತ ನನ್ನ ತಬ್ಕೊಂಡ್ಳು. ನನ್ ಗಂಡ ಕೆಳಗವ್ನೆ, ಇವಳದು ಈ ಕುಣಿತ. ನನಗೆ ಒಟ್ಟೆ ಉರ್ದೋಯ್ತು.”

“ಆಮೇಲೂ ಬತ್ತಿದ್ಳಲ್ಲ.”

“ನಾನೂ ಅದೇ ಕೇಳ್ದೆ. ನಿಂಗೇನು ಬಂದೈತೆ, ಮನೇಲಿ ಬಿದ್ಕೊ ಅಂದೆ. ‘ಅವರು ಮೇಲೆ ಕೂತವ್ರೆ, ನಾನೂ ಒಲೆ ಮುಂದೆ ಕೂತ್ರೆ ಎಂಗೆ ಅಮ್ಮಾಜಿ? ನಮ್ಮನೆಯಿಂದ ಒಬ್ರಾದ್ರೂ ಓಗ್ಬೇಕಲ್ಲ’ ಅಂದ್ಳು. ಆರ್ಕಾಟ್ ಕಡೆಯಿಂದ ಬಂದಿರೋ ಒಂಟಿ ಆಳುಗಳು ಇರ್ತಾವಲ್ಲ, ಇಂದಿಲ್ಲ ಮುಂದಿಲ್ಲ, ಅಂಥವರ ಎಸರು ನಲ್ಲಿ ತಾವ ಕೇಳಿ ಕೇಳಿ ಇಟ್ಕೊಂಡಿರೋಳು. ಗೇಟ್ನಾಗೆ ಅದನ್ನ ಅನ್ನೋಳು. ಅವನು ಮೇಲೆ ಬಂದ್ಮೇಲೇ ಮನೆಗೆ. ಅವನಿಗೆ ಇವಳು ಯಾರು ಅಂತಾನೂ ಗೊತ್ತಿರ್ತಿರಲಿಲ್ಲ.”

ಅವನು ಪಾದ್ರಿಗಳ ಮನೆಯ ಕಡೆ ಹೋಗಲಿಲ್ಲ. ಹೇಳುವುದಕ್ಕೆ ಏನಿತ್ತು? ಕೊಡೆಯನ್ನು ಬಿಚ್ಚಿ, ಯಾಕೆ ಬಿಚ್ಚಿದೆನೆಂದು ತಿಳಿಯದೆ, ಮನೆಗೆ ಬಂದ. ಕಂಡದ್ದನ್ನೆಲ್ಲ ಆಡಬಾರದು ಅಂತ. ಎಷ್ಟು ವರ್ಷ, ವಾರಕ್ಕೊಂದು ಸಲ, ಮಕ್ಕಳೆದುರಿಗೆ, ನಗುತ್ತ, ಅವಳು ಅವನಿಗೆ ಅದನ್ನು ಹೇಳಿದ್ದಳು. ಪ್ರತಿ ಸಲವೂ ಅವನು ತಪ್ಪು ಎಂದಿದ್ದ. ನಾಚಿಕೆಯಾಯಿತು, ನೆಲದೊಳಕ್ಕೆ ಇಳಿಯುವಷ್ಟು ನಾಚಿಕೆ. ಅದರ ಹಿಂದೆಯೇ ಬೆಳಗಿನಿಂದ ಕಾಣೆಯಾಗಿದ್ದ ದುಃಖ ಬಂದು ಎದೆಯ ಮೇಲೆ ಕೂತಿತು. ಮೊಮ್ಮಗಳು ರೂತು ತಟ್ಟೆ ಇಟ್ಟು ಮುದ್ದೆ ಬಡಿಸಿದಳು. “ತಾತ, ಸಾರು ಆರೋಗ್ತದೆ” ಎಂದಳು. ಅವಳ ದನಿ ಅಜ್ಜಿಯದರಂತಿಲ್ಲ ಎಂದು ಅವನಿಗೆ ಇವತ್ತೇ ತಿಳಿದದ್ದು. ಒಂದು ತುತ್ತು ಮುರಿದು ಸಾರಿನಲ್ಲಿ ಅದ್ದಿದ.

ಆಗ ನೆಲ ಅದುರಿತು. ಅಟ್ಟದಿಂದ ಒಂದು ತಂಬಿಗೆ ಉರುಳಿ ಬಿದ್ದು ಒಲೆಯ ತನಕ ಹೋಗಿ ನಿಂತಿತು. ಗೋಡೆಯ ಸುಣ್ಣ ತಟ್ಟೆಗೆ ಉದುರಿತು. ಬೀದಿಯಲ್ಲಿ ಬಾಗಿಲುಗಳು, ಕಾಲುಗಳು, ಒಂದು ಕೂಗು. ಆಶೀರ್ವಾದಪ್ಪ ಜನ್ಮದಲ್ಲಿ ಊಟದ ನಡುವೆ ಎದ್ದವನಲ್ಲ. ಅನ್ನದ ಮುಂದಿನಿಂದ ಏಳುವುದು ದೇವರಿಗೆ ಅಗೌರವ ಎಂದು ಮಕ್ಕಳಿಗೆಲ್ಲ ಹೇಳಿ ಬೆಳೆಸಿದ್ದ. ಈಗ ಗೋಡೆ ಹಿಡಿದು ಎದ್ದ.

“ತಾತ, ಎಲ್ಲಿಗೆ? ನಮ್ಮೋರು ಯಾರೂ ಕೆಳಗಿಲ್ವಲ್ಲ” ಎಂದಳು ರೂತು.

“ನಮ್ಮನೆಯಿಂದ ಒಬ್ರಾದ್ರೂ ಓಗ್ಬೇಕಲ್ಲ” ಎಂದ.

ಓಡಲು ಆಗಲಿಲ್ಲ. ಹೆಂಗಸರು ಅವನನ್ನು ದಾಟಿ ದಾಟಿ ಓಡಿದರು. ಒಬ್ಬಳು ಹಿಟ್ಟಿನ ಕೈಯಲ್ಲಿ, ಒಬ್ಬಳು ಬಿಚ್ಚಿದ ಕೂದಲಲ್ಲಿ. ಇಷ್ಟು ವರ್ಷ ಕಿಟಕಿಯಿಂದ ನೋಡಿದ್ದ ಗುಂಪಿಗೆ ಮುಖಗಳಿವೆ ಎಂಬುದನ್ನು ಅವನು ನೋಡುತ್ತ ನಡೆದ. ಅವನ ಬಲಗೈ ಬೆರಳುಗಳಿಗೆ ಸಾರು ಅಂಟಿತ್ತು. ಗೇಟಿಗೆ ಬರುವಾಗ ಉಸಿರು ಸಿಕ್ಕುತ್ತಿರಲಿಲ್ಲ. ಕಾವಲಿನವನು ನಡುವಯಸ್ಸಿನವನು, ಇವನ ಕಾಲ ಮುಗಿದ ಮೇಲೆ ಬಂದವನು, ಇವನನ್ನು ಕಂಡವನಲ್ಲ.

“ಯಾರ ಕಡೆ ತಾತ?”

ಆಶೀರ್ವಾದಪ್ಪ ಬಾಯಿ ತೆರೆದ. ಒಂದು ಹೆಸರೂ ಬರಲಿಲ್ಲ. ಬಂದದ್ದು ನಂಬರುಗಳು, ಹಿತ್ತಾಳೆಯ ಬಿಲ್ಲೆಗಳ ಮೇಲಿನ ನಂಬರುಗಳು, ನಿವೃತ್ತರಾದವರದ್ದು, ಸತ್ತವರದ್ದು, ಸಾಲಾಗಿ ಮೊಳೆಯ ಮೇಲೆ ನೇತಾಡಿದಂತೆ. ತನ್ನ ಕೈಯಿಂದ ಬಿಲ್ಲೆ ತೆಗೆದುಕೊಂಡು ಇಳಿದವರಲ್ಲಿ ಒಬ್ಬನ ಹೆಸರನ್ನೂ ಅವನು ಕೇಳಿಟ್ಟುಕೊಂಡಿರಲಿಲ್ಲ.

“ಯಾರ ಕಡೆ ತಾತ? ಇಂದೆ ಜನ ಅವ್ರೆ.”

“ರಾಹೇಲಮ್ಮನ ಕಡೆ” ಎಂದ.

ಕಾವಲಿನವನು ಅವನ ಮುಖ ನೋಡಿದ. ಸಾರಿನ ಕೈ ನೋಡಿದ. “ಆಯಮ್ಮ ಎಲ್ಲಿ? ಇವತ್ತು ಬರಲಿಲ್ವಾ?”

“ಇಲ್ಲ. ಇವತ್ತು ನಾನು ಬಂದೆ.”

ಕಾವಲಿನವನು ಸರಿದು ದಾರಿ ಬಿಟ್ಟ. ಒಳಗೆ ಹೆಂಗಸರು ಏನೂ ಕೇಳದೆ ಸ್ವಲ್ಪ ಒತ್ತಿಕೊಂಡು, ಗೋಡೆಯ ಪಕ್ಕ ಅವನಿಗೆ ನಿಲ್ಲಲು ಜಾಗ ಮಾಡಿದರು. ಎದುರಿಗೆ ಟೈಮ್ ಆಫೀಸಿನ ಕಿಟಕಿ. ಅದರ ಹಿಂದೆ ಒಬ್ಬ ಹೊಸ ಗುಮಾಸ್ತ, ಎಣ್ಣೆ ಹಚ್ಚಿ ಬಾಚಿದ ತಲೆ ಬಗ್ಗಿಸಿಕೊಂಡು ಏನೋ ಮಾಡುತ್ತಿದ್ದ. ಇಲ್ಲಿ ನಿಂತರೆ ಎಷ್ಟು ಚೆನ್ನಾಗಿ ಕಾಣಿಸುತ್ತದೆ. ಕೇಜು ಮೇಲೆ ಬಂತು. ಒಬ್ಬಳು ಓಡಿಹೋಗಿ ಗಂಡನ ಎದೆಗೆ ಗುದ್ದಿದಳು. ಇನ್ನೊಂದು ಕೇಜು. ಹೆಸರು ಕೂಗುತ್ತಿದ್ದರು, ಮೈ ಮುಟ್ಟಿ ನೋಡುತ್ತಿದ್ದರು, ಬೈಯುತ್ತಿದ್ದರು. ಒಬ್ಬನನ್ನು ಹೊತ್ತುಕೊಂಡು ಬಂದರು, ಕಾಲು ಮುರಿದಿತ್ತು, ಜೀವವಿತ್ತು. ಗುಂಪು ಕರಗುತ್ತ ಬಂತು. ಆಶೀರ್ವಾದಪ್ಪನಿಗೆ ಪಾದ್ರಿಗಳ ವಾಕ್ಯ ನೆನಪಾಯಿತು. ಅದರಲ್ಲಿ ಸುಳ್ಳಿರಲಿಲ್ಲ, ಒಂದು ಸಲ ಅದು ನಿಜವಾಗಿತ್ತು, ಎರಡನೆಯ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಅವಳು ಅವನಿಗಾಗಿಯೇ ಓಡಿ ಬಂದಿದ್ದಳು. ಓದಲಿ. ಮುಂದಿನ ಬೆಂಚಿನಲ್ಲೇ ಕೂತು ಕೇಳುತ್ತೇನೆ. ಕೆಮ್ಮುವವರು ಕೆಮ್ಮಲಿ.

“ಎಲ್ಲಾ ಬಂದಂಗಾಯ್ತು ತಾತ, ಮನೆಗೋಗು” ಎಂದ ಕಾವಲಿನವನು. ಆಶೀರ್ವಾದಪ್ಪ ಅಲ್ಲಾಡಲಿಲ್ಲ. ಕೊನೆಯ ಕೇಜಿನಿಂದ ಇಳಿದವರೆಲ್ಲ ಹೋದ ಮೇಲೆ ಒಬ್ಬ ಉಳಿದಿದ್ದ. ಬಡಕಲು ಆಳು, ಹಣೆಯಲ್ಲಿ ರಕ್ತ ಒಣಗಿತ್ತು. ಯಾರನ್ನೂ ಹುಡುಕದೆ, ಹುಡುಕಿ ಅಭ್ಯಾಸವಿಲ್ಲದವನಂತೆ, ನೆಲ ನೋಡುತ್ತ ಬಂದ. ಆಶೀರ್ವಾದಪ್ಪ ಅವನಿಗೆ ಅಡ್ಡ ನಿಂತ.

“ನಿನ್ನೆಸರೇನಪ್ಪ?”

ಆಳು ಬೆಚ್ಚಿ, ಏನೋ ತಪ್ಪಾಯಿತೆಂದುಕೊಂಡು, ಸೊಂಟದಿಂದ ಬಿಲ್ಲೆ ತೆಗೆದು ಮುಂದೆ ಹಿಡಿದು ನಂಬರ್ ಹೇಳಿದ.

“ಅದಲ್ಲ” ಎಂದ ಆಶೀರ್ವಾದಪ್ಪ. ಸಾರು ಒಣಗಿದ ಕೈಯಿಂದ ಆ ಬಿಲ್ಲೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. “ಎಸರು. ನಿಮ್ಮಮ್ಮ ಕರೀತಿದ್ದ ಎಸರು.”

“ಪೊನ್ನುರಂಗಂ” ಎಂದ ಆಳು.

ಆಶೀರ್ವಾದಪ್ಪ ಅದನ್ನು ಒಂದು ಸಲ ಬಾಯಲ್ಲಿ ಹೇಳಿಕೊಂಡ. ಮನೆಗೆ ಹೋಗುವ ದಾರಿಯಲ್ಲಿ ಇನ್ನೊಂದು ಸಲ ಹೇಳಿಕೊಂಡ. ಮುಂದಿನ ಸಲ ಗೇಟಿನಲ್ಲಿ ಕೇಳಿದರೆ ಹೇಳಬೇಕಲ್ಲ.